ಸೊಟ್ಟಗಾಲುಗಳ ವೈದ್ಯ ವಿಲಿಯಂ ಮೆಕ್ಯೂವೆನ್

ಈಚಿನ ವರ್ಷಗಳಲ್ಲಿ ದೊಡ್ಡ ಆಸ್ಪತ್ರೆಗಳ ಎಲುಬು ವಿಭಾಗಗಳಲ್ಲಿ ಒಂದು ವಿಚಿತ್ರ ವಸ್ತು ಕಾಣಸಿಗುತ್ತದೆ. ನೋಡುವುದಕ್ಕೆ ಅದು ಮನುಷ್ಯನ ಎಲುಬು. ಮುಟ್ಟಿದರೆ ಬರಿಯ ಪ್ಲಾಸ್ಟಿಕ್ಕು. ಮುರಿದು ಅಡ್ಡಾದಿಡ್ಡಿಯಾಗಿ ಕೂಡಿಕೊಂಡ, ಅಥವಾ ಬೆಳೆಯುವಾಗಲೇ ಬಾಗಿಹೋದ ಎಲುಬೊಂದನ್ನು ಯಂತ್ರದಿಂದ ಪದರು ಪದರಾಗಿ ಚಿತ್ರಿಸಿ, ಆ ಚಿತ್ರವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಅದರ ತದ್ರೂಪವನ್ನು ಪದರದ ಮೇಲೆ ಪದರವಿಟ್ಟು ಮುದ್ರಿಸಿ ತೆಗೆಯುತ್ತಾರೆ. ಮೂರು ಆಯಾಮದ ಮುದ್ರಣವೆಂದು ಇದಕ್ಕೆ ಹೆಸರು. ವೈದ್ಯನು ರೋಗಿಯ ಮೈಗೆ ಕತ್ತಿ ಮುಟ್ಟಿಸುವ ಮುನ್ನ ಈ ಕೃತಕ ಎಲುಬನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡುತ್ತಾನೆ. ಎಲ್ಲಿ ಕೊಯ್ಯಬೇಕು, ಎಷ್ಟು ತಿರುಗಿಸಬೇಕು ಎಂಬುದನ್ನು ಅದರ ಮೇಲೆಯೇ ಪ್ರಯೋಗ ಮಾಡಿ ತಿಳಿದುಕೊಳ್ಳುತ್ತಾನೆ. ಗರಗಸ ಇಳಿಯಬೇಕಾದ ಸೀಳುಗಂಡಿಯನ್ನು ಹೊತ್ತ ಅಚ್ಚೊಂದನ್ನು ಕೂಡ ಮುದ್ರಿಸುವುದುಂಟು. ಅದು ಆ ಒಬ್ಬ ರೋಗಿಯ ಎಲುಬಿನ ಮೇಲೆ, ಅದೂ ಒಂದೇ ಸ್ಥಳದಲ್ಲಿ, ಸರಿಯಾಗಿ ಕೂರುವಂತೆ ಮಾಡಿದ್ದು.

ಇದು ದೊಡ್ಡ ಸಾಧನೆಯೇ ಸರಿ. ಆದರೆ ಈ ಅಚ್ಚನ್ನು ಮಾಡುವವನ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಹೊಸದಲ್ಲ. ಸೊಟ್ಟಗಿರುವುದು ಯಾವುದು, ಅದು ಸೊಟ್ಟಗಾದದ್ದು ಎಲ್ಲಿ ಎಂಬ ಈ ಪ್ರಶ್ನೆಯನ್ನು, ಎಕ್ಸ್‌ರೇ ಕಿರಣದ ಹೆಸರೇ ಲೋಕಕ್ಕೆ ತಿಳಿಯದಿದ್ದ ಕಾಲದಲ್ಲಿ, ಬರಿಗಣ್ಣು ಬರಿಗೈಗಳನ್ನು ನಂಬಿ ಬಿಡಿಸಿಕೊಂಡವನೊಬ್ಬನಿದ್ದನು. ನಮ್ಮ ವೈದ್ಯ ಕಾಲೇಜುಗಳ ಹುಡುಗರು ಇಂದಿಗೂ ಪರೀಕ್ಷೆಗಾಗಿ ಆತನ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಮೊಣಕಾಲುಗಳು ಒಂದಕ್ಕೊಂದು ತಗಲುವ ಸೊಟ್ಟಗಾಲಿಗೆ ಮೆಕ್ಯೂವೆನ್ನನ ಅಸ್ಥಿಛೇದನ ಎಂಬ ಉತ್ತರ ಅವರಿಗೆ ಗೊತ್ತು. ಹೆಸರಿನ ಹಿಂದಿನ ಮನುಷ್ಯ ಯಾರೆಂದು ಕೇಳುವವರು ಕಡಮೆ.

ವಿಲಿಯಂ ಮೆಕ್ಯೂವೆನ್ 1848ನೆಯ ಇಸವಿ ಜೂನ್ 22ರಂದು ಸ್ಕಾಟ್ಲೆಂಡಿನ ಪಡುಗಡಲಿನ ಬ್ಯೂಟ್ ದ್ವೀಪದಲ್ಲಿ, ರಾತ್ಸೇ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಹಡಗಿನ ವೃತ್ತಿಯವನು. ಹನ್ನೆರಡು ಮಕ್ಕಳ ದೊಡ್ಡ ಸಂಸಾರದಲ್ಲಿ ಈತನೇ ಕಡೆಯವನು. ಹುಡುಗನು ಬಾಲ್ಯ ಕಳೆಯುವ ಹೊತ್ತಿಗೆ ಕುಟುಂಬ ಗ್ಲಾಸ್ಗೋ ನಗರಕ್ಕೆ ಬಂದು ನೆಲೆಸಿತು. 1865ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ವೈದ್ಯವಿದ್ಯೆಗೆ ಸೇರಿದನು.

ಸೇರಿದ ವರ್ಷ ಬಹಳ ಮುಖ್ಯವಾದದ್ದು. ಅದೇ 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ರಾಯಲ್ ಇನ್‌ಫರ್ಮರಿ ಆಸ್ಪತ್ರೆಗೆ ಗಾಡಿಯ ಚಕ್ರ ಹಾಯ್ದು ಕಾಲು ಮುರಿದ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ತಂದಿದ್ದರು. ಎಲುಬು ಮುರಿದು, ಮೇಲಿನ ಚರ್ಮವೂ ಹರಿದು ಗಾಯ ಬಾಯಿಬಿಟ್ಟಿತ್ತು. ಅಂಥ ಗಾಯವೆಂದರೆ ಆ ಕಾಲದಲ್ಲಿ ಕಾಲು ಕತ್ತರಿಸಬೇಕು, ಇಲ್ಲವೆ ಕೀವು ತುಂಬಿ ರಕ್ತ ಕೆಟ್ಟು ರೋಗಿ ಸಾಯಬೇಕು. ಶಸ್ತ್ರವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಜೋಸೆಫ್ ಲಿಸ್ಟರ್ ಆ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯಿಟ್ಟು ಕಟ್ಟಿದನು. ಆರು ವಾರಗಳಲ್ಲಿ ಎಲುಬು ಕೂಡಿತು, ಕೀವಾಗಲಿಲ್ಲ. ಎರಡು ವರ್ಷಗಳ ಅನಂತರ ಲಿಸ್ಟರನು ತನ್ನ ಕ್ರಮವನ್ನು ಪ್ರಕಟಿಸಿದಾಗ ಅದನ್ನು ನಂಬಿದವರಿಗಿಂತ ನಕ್ಕವರೇ ಹೆಚ್ಚು. ನಂಬಿದ ಕೆಲವರಲ್ಲಿ ವಿದ್ಯಾರ್ಥಿ ಮೆಕ್ಯೂವೆನ್ನನೂ ಒಬ್ಬ. 1869ರಲ್ಲಿ ಈತನು ಪದವಿ ಪಡೆದನು. ಗುರುವು ಅದೇ ವರ್ಷ ಎಡಿನ್‌ಬರೋ ನಗರಕ್ಕೆ ಹೊರಟುಹೋದನು.

ಮುಂದಿನ ಐದಾರು ವರ್ಷ ಹೊಟ್ಟೆಪಾಡಿನವು. ಮೊದಲು ಬೆಲ್ವಿಡಿಯರ್ ಎಂಬ ಜ್ವರದಾಸ್ಪತ್ರೆಯ ಮೇಲ್ವಿಚಾರಣೆ. ಆಮೇಲೆ 1871ರಿಂದ ನಗರದ ಪೊಲೀಸರ ವೈದ್ಯನಾಗಿ ಕೆಲಸ. ಕುಡಿದು ಬಿದ್ದವರು, ಚೂರಿಯೇಟು ತಿಂದವರು, ತಲೆಯೊಡೆದುಕೊಂಡವರು ಇವರೇ ಆತನ ಪಾಠಶಾಲೆಯಾದರು. ಪ್ರಜ್ಞೆತಪ್ಪಿ ಬಿದ್ದವನು ಕುಡಿದು ಬಿದ್ದನೋ, ಮೆದುಳಿಗೆ ಪೆಟ್ಟಾಗಿ ಬಿದ್ದನೋ ಎಂದು ಬೇರ್ಪಡಿಸಲಾರದೆ ಪೊಲೀಸರು ಸಾಯುವವನನ್ನು ಲಾಕಪ್ಪಿಗೆ ತಳ್ಳುವುದುಂಟಲ್ಲವೆ? ಕುಡಿದವನನ್ನು ಅಲುಗಾಡಿಸಿದರೆ ಕಣ್ಣಿನ ಪಾಪೆ ಹಿಗ್ಗಿ, ಸುಮ್ಮನೆ ಬಿಟ್ಟರೆ ಮತ್ತೆ ಕುಗ್ಗುವುದೆಂದು ಗಮನಿಸಿ, ಇದನ್ನು ಗುರುತಾಗಿ ಬಳಸಬಹುದೆಂದು ಆತನು ಬರೆದಿಟ್ಟನು. ಇಂಥ ಚಿಕ್ಕ ವಿಷಯಗಳಲ್ಲಿಯೇ ಆತನ ಮನಸ್ಸಿನ ಧಾಟಿ ಗೊತ್ತಾಗುತ್ತದೆ. ಮೊದಲು ನೋಡುವುದು, ನೋಡಿದ್ದನ್ನು ಬರೆದಿಡುವುದು, ಬರೆದದ್ದನ್ನು ಮತ್ತೆ ನೋಡುವುದು. 1870ರ ದಶಕದ ನಡುಗಾಲಕ್ಕೆ ರಾಯಲ್ ಇನ್‌ಫರ್ಮರಿಯಲ್ಲಿ ಶಸ್ತ್ರವೈದ್ಯನಾಗಿ ನಿಯುಕ್ತನಾದಾಗ ಆತನಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಆ ಗ್ಲಾಸ್ಗೋ ನಗರವನ್ನು ಒಂದಿಷ್ಟು ಕಲ್ಪಿಸಿಕೊಳ್ಳಬೇಕು. ಕ್ಲೈಡ್ ನದಿಯ ದಂಡೆಯುದ್ದಕ್ಕೂ ಹಡಗು ಕಟ್ಟುವ ಅಂಗಳಗಳು, ಕಬ್ಬಿಣದ ಕುಲುಮೆಗಳು, ಹತ್ತಿಯ ಗಿರಣಿಗಳು. ದುಡಿಮೆ ಅರಸಿ ಹಳ್ಳಿಗಾಡಿನಿಂದಲೂ ಐರ್ಲೆಂಡಿನಿಂದಲೂ ಬಂದ ಜನ ಎತ್ತರವಾದ ಕಲ್ಲಿನ ವಠಾರಗಳಲ್ಲಿ ಒಂದು ಕೋಣೆಗೆ ಒಂದು ಸಂಸಾರದಂತೆ, ಕೆಲವೊಮ್ಮೆ ಎರಡು ಸಂಸಾರದಂತೆ ತುಂಬಿಕೊಂಡಿದ್ದರು. ಉತ್ತರದ ದೇಶ, ಮೊದಲೇ ಬಿಸಿಲು ಕಡಮೆ. ಬಂದಷ್ಟು ಬಿಸಿಲನ್ನೂ ಕಲ್ಲಿದ್ದಲಿನ ಹೊಗೆ ನುಂಗುತ್ತಿತ್ತು. ಆ ವಠಾರಗಳ ಇಕ್ಕಟ್ಟಾದ ಓಣಿಗಳಲ್ಲಿ ಬೆಳೆದ ಮಕ್ಕಳ ಎಲುಬುಗಳು ಸುಣ್ಣ ಹಿಡಿಯದೆ ಮೆತ್ತಗಾಗುತ್ತಿದ್ದುವು. ರಿಕೆಟ್ಸ್ ಎಂಬ ಈ ರೋಗದಲ್ಲಿ ಮಗು ನಿಂತರೆ ಮೈಭಾರಕ್ಕೆ ಕಾಲು ಬಾಗುತ್ತದೆ. ಕೆಲವರದು ಹೊರಕ್ಕೆ ಬಾಗಿದ ಬಿಲ್ಲುಗಾಲು. ಕೆಲವರದು ಮೊಣಕಾಲು ಒಳಕ್ಕೆ ತಗಲಿ ಪಾದಗಳು ಅಗಲಿ ನಿಂತ ಸೊಟ್ಟಗಾಲು. ದಿನ ಕಳೆದಂತೆ ರೋಗ ನಿಲ್ಲುತ್ತದೆ, ಎಲುಬು ಗಟ್ಟಿಯಾಗುತ್ತದೆ. ಆದರೆ ಬಾಗಿದ ಎಲುಬು ಬಾಗಿದಂತೆಯೇ ಗಟ್ಟಿಯಾಗುತ್ತದೆ. ಮೈಯ ಕಸುವನ್ನೇ ನಂಬಿ ಬದುಕುವ ಊರಿನಲ್ಲಿ ಹೀಗೆ ಬೆಳೆದ ಹುಡುಗನಿಗೆ ಹಡಗಿನ ಕಟ್ಟೆಯಲ್ಲಿ ಕೂಲಿಯಿಲ್ಲ.

ಆ ಮಕ್ಕಳಿಗೆ ಅಂದಿನ ವೈದ್ಯರು ಕೊಡುತ್ತಿದ್ದದ್ದು ಕಬ್ಬಿಣದ ಕಡ್ಡಿಗಳು, ಚರ್ಮದ ಪಟ್ಟಿಗಳು. ಗಟ್ಟಿಯಾದ ಎಲುಬು ಪಟ್ಟಿಯ ಬಿಗಿತಕ್ಕೆ ಎಲ್ಲಿ ಬಗ್ಗೀತು? ಎಲುಬನ್ನು ಕೊಯ್ದು ನೆಟ್ಟಗೆ ಮಾಡಬಹುದೆಂಬ ಯೋಚನೆ ಹೊಸದೇನೂ ಆಗಿರಲಿಲ್ಲ. 1826ರಷ್ಟು ಹಿಂದೆಯೇ ಫಿಲಡೆಲ್ಫಿಯಾದ ರಿಯಾ ಬಾರ್ಟನ್ ಸೆಟೆದುಹೋದ ಸೊಂಟದ ಬಳಿ ತೊಡೆಯೆಲುಬನ್ನು ಗರಗಸದಿಂದ ಕೊಯ್ದಿದ್ದನು. ಜರ್ಮನಿಯಲ್ಲಿ ಲ್ಯಾಂಗೆನ್‌ಬೆಕ್, ಆಮೇಲೆ ಫೋಕ್‌ಮನ್ ಇವರೂ ಈ ದಾರಿಯಲ್ಲಿ ನಡೆದಿದ್ದರು. ಮೆಕ್ಯೂವೆನ್ನನನ್ನು ಈ ವಿದ್ಯೆಯ ಜನಕನೆಂದು ಹೊಗಳುವವರು ಇವರನ್ನು ಮರೆಯಬಾರದು. ಆದರೆ ಬಹುಮಂದಿ ವೈದ್ಯರು ಹಿಂಜರಿಯುತ್ತಿದ್ದರು. ಅವರ ಹಿಂಜರಿಕೆ ಹೇಡಿತನವಾಗಿರಲಿಲ್ಲ, ವಿವೇಕವಾಗಿತ್ತು. ಸೊಟ್ಟಗಾಲಿನ ಮಗು ಸೊಟ್ಟಗಾಲಿನಿಂದ ಸಾಯುವುದಿಲ್ಲ. ಕುಂಟುತ್ತಲೋ ನಗೆಪಾಟಲಾಗುತ್ತಲೋ ಬದುಕುತ್ತದೆ. ಅದರ ಎಲುಬನ್ನು ಕೊಯ್ಯುವುದೆಂದರೆ, ಬಾಯಿಬಿಟ್ಟ ಎಲುಬಿನ ಗಾಯವನ್ನು ವೈದ್ಯನೇ ಕೈಯಾರೆ ಮಾಡಿದಂತೆ. ಅಂದರೆ ಆ ಕಾಲದ ಅನುಭವದ ಪ್ರಕಾರ ಸಾವಿಗೆ ಆಹ್ವಾನ ಕೊಟ್ಟಂತೆ. ಸಾಯದ ಮಗುವನ್ನು ಅಂದಗೆಟ್ಟ ಕಾಲಿಗಾಗಿ ಸಾವಿನ ಹೊಸ್ತಿಲಿಗೆ ಒಯ್ಯುವ ಹಕ್ಕು ವೈದ್ಯನಿಗೆ ಯಾರು ಕೊಟ್ಟರು?

ಈ ಪ್ರಶ್ನೆಗೆ ಮೆಕ್ಯೂವೆನ್ ವಾದದಿಂದ ಉತ್ತರ ಕೊಡಲಿಲ್ಲ. ಲಿಸ್ಟರನ ಕ್ರಮವನ್ನು ಗುರುವಿಗಿಂತಲೂ ಕಟ್ಟುನಿಟ್ಟಾಗಿ ಪಾಲಿಸಿ, ಗಾಯ ಕೀವಾಗದಂತೆ ನೋಡಿಕೊಂಡರೆ ಅಪಾಯ ಎಷ್ಟರಮಟ್ಟಿಗೆ ಇಳಿಯುವುದೆಂದು ಮೊದಲು ಖಚಿತ ಮಾಡಿಕೊಂಡನು. ಆಮೇಲೆ ಎರಡು ಕೆಲಸಗಳಿಗೆ ಕೈಹಾಕಿದನು. ಒಂದು, ಬಾಗು ಎಲ್ಲಿದೆಯೆಂದು ಕಂಡುಕೊಳ್ಳುವುದು. ಇನ್ನೊಂದು, ಕೊಯ್ಯುವ ಆಯುಧವನ್ನು ತಿದ್ದುವುದು.

ಬಾಗು ಎಲ್ಲಿದೆಯೆಂದು ಕಾಣುವುದು ತೋರುವಷ್ಟು ಸುಲಭವಲ್ಲ. ಸೊಟ್ಟಗಾಲನ್ನು ನೋಡಿದವರೆಲ್ಲ ತಪ್ಪು ಮೊಣಕಾಲಿನ ಕೀಲಿನಲ್ಲಿದೆ ಎಂದೇ ಭಾವಿಸುತ್ತಿದ್ದರು. ಕಣ್ಣಿಗೆ ಹೊಡೆಯುವುದು ಅದೇ ತಾನೆ. ಅಬರ್ಡೀನ್ ನಗರದ ಆಗ್‌ಸ್ಟನ್ ಎಂಬ ಸಮರ್ಥ ವೈದ್ಯನು ಕೀಲಿನೊಳಗೇ ಗರಗಸ ತೂರಿಸಿ ತೊಡೆಯೆಲುಬಿನ ಒಳಗಣ ಗುಬುಟನ್ನು ಕೊಯ್ದು ಮೇಲಕ್ಕೆ ಸರಿಸುವ ಕ್ರಮವನ್ನು ಬಳಕೆಗೆ ತಂದಿದ್ದನು. ಕಾಲು ನೆಟ್ಟಗಾಗುತ್ತಿತ್ತು, ನಿಜ. ಆದರೆ ಕೀಲಿಗೆ ಪೆಟ್ಟಾಗುತ್ತಿತ್ತು. ಮೆಕ್ಯೂವೆನ್ ರಿಕೆಟ್ಸ್ ರೋಗಿಗಳ ಎಲುಬುಗಳನ್ನು ಅಳೆದು ನೋಡಿದನು. ನಡೆಯುವವರ ಕಾಲುಗಳನ್ನು ನಿಲ್ಲಿಸಿ, ಮಲಗಿಸಿ, ಮಡಿಸಿ ನೋಡಿದನು. ಸೊಟ್ಟಗಾಲಿನ ಹುಡುಗ ಮೊಣಕಾಲು ಮಡಿಸಿ ಕುಳಿತರೆ ಸೊಟ್ಟ ಮಾಯವಾಗುತ್ತದೆ. ಕಾಲು ಚಾಚಿದರೆ ಮತ್ತೆ ಕಾಣಿಸುತ್ತದೆ. ಇದರಿಂದಲೂ ಎಲುಬುಗಳ ಅಳತೆಯಿಂದಲೂ, ತಪ್ಪು ಕೀಲಿನದಲ್ಲ, ಅದರ ಮೇಲುಗಡೆ ತೊಡೆಯೆಲುಬಿನ ಕೆಳತುದಿಯು ಒಳಪಕ್ಕದಲ್ಲಿ ಉದ್ದಕ್ಕೆ ಬೆಳೆದು ಓರೆಯಾದದ್ದರ ಫಲ ಎಂದು ಆತನು ನಿಶ್ಚಯಿಸಿದನು. ಹಾಗಿದ್ದರೆ ಕೊಯ್ಯಬೇಕಾದದ್ದು ಕೀಲನ್ನಲ್ಲ. ಅದನ್ನು ಮುಟ್ಟದೆ ಒಂದು ಬೆರಳಗಲ ಮೇಲಕ್ಕೆ ಎಲುಬನ್ನು ಕೊಯ್ದರೆ ಸಾಕು. ಇಷ್ಟು ಸರಳವಾದ ಮಾತು. ಆದರೆ ಅದನ್ನು ಕಂಡುಕೊಳ್ಳುವವರೆಗೆ ಎಷ್ಟು ಮಕ್ಕಳ ಕೀಲುಗಳು ಕೆಟ್ಟಿದ್ದುವೋ.

ಆಯುಧದ ಕಥೆ ಇನ್ನೂ ಸ್ವಾರಸ್ಯವಾದದ್ದು. ಗರಗಸ ಎಲುಬಿನ ಪುಡಿಯನ್ನು ಗಾಯದೊಳಗೆ ಉದುರಿಸುತ್ತದೆ, ಅಕ್ಕಪಕ್ಕದ ಮಾಂಸವನ್ನು ಹರಿಯುತ್ತದೆ. ಕೆಲವರು ಬಡಗಿಯ ಉಳಿಯನ್ನು ಬಳಸುತ್ತಿದ್ದರು. ಆದರೆ ಬಡಗಿಯ ಉಳಿಗೆ ಒಂದೇ ಮಗ್ಗುಲಲ್ಲಿ ಇಳಿಜಾರು. ಮರಗೆಲಸ ಬಲ್ಲವರಿಗೆ ಗೊತ್ತು, ಅಂಥ ಉಳಿಯನ್ನು ಆಳಕ್ಕೆ ಹೊಡೆದರೆ ಅದು ನೇರವಾಗಿ ಇಳಿಯದೆ ಒಂದು ಪಕ್ಕಕ್ಕೆ ಜಾರುತ್ತದೆ. ಮರದಲ್ಲಿ ಜಾರಿದರೆ ಹಲಗೆ ಹಾಳು. ತೊಡೆಯಲ್ಲಿ ಜಾರಿದರೆ ಹಿಂದುಗಡೆಯ ದೊಡ್ಡ ರಕ್ತನಾಳ ಕತ್ತರಿಸುತ್ತದೆ. ಮೆಕ್ಯೂವೆನ್ ಎರಡು ಮಗ್ಗುಲೂ ಸಮನಾಗಿ ಸವೆದ, ತೆಳುವಾದ ಬೆಣೆಯಂಥ ಉಳಿಯನ್ನು ಮಾಡಿಸಿದನು. ಹಿಡಿ, ಅಲಗು ಎರಡೂ ಒಂದೇ ಉಕ್ಕಿನ ತುಂಡು; ಸಂದುಗೊಂದುಗಳಲ್ಲಿ ಕೊಳೆ ಕೂರದಂತೆ. ಎಷ್ಟು ಆಳ ಇಳಿಯಿತೆಂದು ತಿಳಿಯುವಂತೆ ಅಲಗಿನ ಮೇಲೆ ಅರ್ಧ ಅಂಗುಲಕ್ಕೊಂದು ಗೀಟು. ಉಕ್ಕು ತೀರ ಗಡುಸಾದರೆ ಎಲುಬಿನಲ್ಲಿ ಮುರಿಯುತ್ತದೆ, ಮೆದುವಾದರೆ ಮಡಚುತ್ತದೆ. ಅದಕ್ಕೆ ತಕ್ಕ ಹದವನ್ನು ಆತನು ಪ್ರಯೋಗ ಮಾಡಿ ಗೊತ್ತುಮಾಡಿಕೊಂಡನು. ಉಕ್ಕಿನ ಕೆಲಸದಲ್ಲಿ ಹೆಸರಾದ ಊರಿನಲ್ಲಿ ಇದ್ದದ್ದು ಇಲ್ಲಿ ಉಪಕಾರವಾಯಿತೆಂದು ನನ್ನ ಎಣಿಕೆ.

ಶಸ್ತ್ರಕ್ರಿಯೆಯೂ ಹಾಗೆಯೇ ಹದವಾದದ್ದು. ತೊಡೆಯ ಒಳಪಕ್ಕದಲ್ಲಿ ಉಳಿ ತೂರುವಷ್ಟೇ ಚಿಕ್ಕ ಗಾಯ. ಅದರೊಳಗಿಂದ ಉಳಿಯನ್ನು ಎಲುಬಿನ ಮೇಲಿಟ್ಟು ಕೊಡತಿಯಿಂದ ಪೆಟ್ಟು. ದಪ್ಪ ಉಳಿಯಿಂದ ತೊಡಗಿ, ಆಳಕ್ಕೆ ಹೋದಂತೆ ತೆಳು ಉಳಿಯನ್ನು ಹಿಡಿಯುವುದು. ಎಲುಬನ್ನು ಪೂರ್ತಿಯಾಗಿ ಕೊಯ್ಯುವುದಿಲ್ಲ. ಹೊರಗಡೆಯ ಒಂದು ಭಾಗವನ್ನು ಹಾಗೆಯೇ ಬಿಟ್ಟು, ಉಳಿ ತೆಗೆದು, ಹಸಿ ಕೊಂಬೆಯನ್ನು ಬಗ್ಗಿಸುವಂತೆ ಕೈಯಿಂದ ಬಗ್ಗಿಸುವುದು. ಉಳಿದ ಭಾಗ ಸಣ್ಣಗೆ ಸದ್ದುಮಾಡಿ ಬಗ್ಗುತ್ತದೆ, ಕಾಲು ನೆಟ್ಟಗಾಗುತ್ತದೆ. ಮೇಲೆ ದಬ್ಬೆ ಕಟ್ಟಿ ಎಲುಬು ಕೂಡುವ ತನಕ ಕಾಯುವುದು. ನಮ್ಮ ನಾಟಿವೈದ್ಯರು ಮುರಿದ ಎಲುಬಿಗೆ ಬಿದಿರಿನ ದಬ್ಬೆ ಕಟ್ಟುವುದನ್ನು ಕಂಡವರಿಗೆ ಈ ಕಡೆಯ ಘಟ್ಟ ಅಪರಿಚಿತವಲ್ಲ. ಮೊಣಕಾಲಿನ ಕೆಳಗಣ ದೊಡ್ಡೆಲುಬು ಬಿಲ್ಲಿನಂತೆ ಬಾಗಿದ್ದರೆ ಮಾತ್ರ ಬೇರೆ ಕ್ರಮ. ಅಲ್ಲಿ ಉಬ್ಬಿನ ಕಡೆಯಿಂದ ಬೆಣೆಯಾಕಾರದ ತುಂಡೊಂದನ್ನು ಕತ್ತರಿಸಿ ತೆಗೆದು ಅಂತರವನ್ನು ಮುಚ್ಚುವುದು. ಈ ಬೆಣೆಗಳನ್ನು ವಾಚಕರು ನೆನಪಿನಲ್ಲಿಡಬೇಕು.

1878ರಲ್ಲಿ ಈ ಕ್ರಮವನ್ನು ಆತನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದನು. 1880ರಲ್ಲಿ ಅಸ್ಥಿಛೇದನವನ್ನು ಕುರಿತ ಗ್ರಂಥ ಹೊರಬಂತು. ಜರ್ಮನ್, ಫ್ರೆಂಚ್ ಭಾಷೆಗಳಿಗೂ ಅದು ಅನುವಾದವಾಯಿತು. ಇನ್ನು ಕೆಲವು ವರ್ಷಗಳಲ್ಲಿ ಆತನು ನೆಟ್ಟಗೆ ಮಾಡಿದ ಕಾಲುಗಳ ಎಣಿಕೆ ಸಾವಿರವನ್ನು ದಾಟಿತ್ತು. ಯಾರು ಕೊಟ್ಟ ಹಕ್ಕು ಎಂದು ಕೇಳಿದವರಿಗೆ ಆ ಮಕ್ಕಳು ನಡೆದು ತೋರಿಸಿದರು.

ಈಗ ಬೆಣೆಗಳ ಮಾತು. ಗ್ರಂಥ ಬರುವುದಕ್ಕೆ ಎರಡು ವರ್ಷ ಮೊದಲು, 1878ರಲ್ಲಿ, ಮೂರು ವರ್ಷದ ಗಂಡುಮಗುವೊಂದನ್ನು ಆತನ ವಾರ್ಡಿಗೆ ತಂದರು. ಬಲತೋಳಿನ ಎಲುಬಿಗೆ ಸೋಂಕು ಹತ್ತಿ, ಇಡೀ ದಂಡ ಸತ್ತು ಕೀವಿನಲ್ಲಿ ತೇಲುತ್ತಿತ್ತು. ಸತ್ತ ಎಲುಬನ್ನು ತೆಗೆಯದೆ ವಿಧಿಯಿರಲಿಲ್ಲ. ಅದರ ಮೇಲ್ಪೊರೆಯನ್ನು ಮಾತ್ರ ಒಳಗೇ ಉಳಿಸಿದರು. ಲಿಯೋನ್ ನಗರದ ಆಲಿಯೇ ಎಂಬ ಪ್ರಸಿದ್ಧ ವೈದ್ಯನ ಸಿದ್ಧಾಂತದ ಪ್ರಕಾರ ಎಲುಬನ್ನು ಹುಟ್ಟಿಸುವುದು ಆ ಪೊರೆಯೇ. ಆದ್ದರಿಂದ ಹೊಸ ಎಲುಬು ತಾನಾಗಿ ಬೆಳೆಯಬೇಕಿತ್ತು. ಒಂದು ವರ್ಷಕ್ಕೂ ಮೇಲೆ ಕಾದರೂ ಬೆಳೆಯಲಿಲ್ಲ. ತೋಳಿನ ಮೇಲುತುದಿಯಲ್ಲಿ ಮೊಟಕು ಎಲುಬು, ಅದರ ಕೆಳಗೆ ಬರಿಯ ಮಾಂಸ. ಮಗುವಿನ ಕೈ ಚಾಟಿಯ ತುದಿಯಂತೆ ಜೋಲಾಡುತ್ತಿತ್ತು. ಅದು ಇದ್ದರೂ ಇಲ್ಲದಿದ್ದರೂ ಒಂದೇ ಎಂಬ ಸ್ಥಿತಿ. ಅಂಥ ಕೈಯನ್ನು ಕತ್ತರಿಸಿಬಿಡುವುದೇ ಅಂದಿನ ವಾಡಿಕೆ.

ಅದೇ ವಾರ್ಡಿನಲ್ಲಿ ಬಿಲ್ಲುಗಾಲಿನ ಮಕ್ಕಳ ಎಲುಬಿನಿಂದ ಬೆಣೆಗಳನ್ನು ದಿನವೂ ತೆಗೆದು ಎಸೆಯುತ್ತಿದ್ದರು. ಎಸೆಯುವ ಆ ಎಲುಬು ಜೀವಂತವಾದದ್ದು, ಮಕ್ಕಳದ್ದು, ಬೆಳೆಯುವ ಕಸುವಿದ್ದದ್ದು. ಮೆಕ್ಯೂವೆನ್ 1879ರ ಕೊನೆಗೆ ಮಗುವಿನ ತೋಳಿನ ಮಾಂಸದ ನಡುವೆ, ಎಲುಬು ಇರಬೇಕಾದ ದಾರಿಯಲ್ಲಿ ಒಂದು ಕಾಲುವೆ ಮಾಡಿದನು. ಆಗಷ್ಟೇ ಇನ್ನೊಂದು ಮಗುವಿನ ಕಾಲಿನಿಂದ ತೆಗೆದ ಬೆಣೆಯನ್ನು ಸಣ್ಣ ಸಣ್ಣ ಚೂರುಗಳಾಗಿ ಒಡೆದು ಆ ಕಾಲುವೆಯಲ್ಲಿ ಜೋಡಿಸಿದನು. ಇಡೀ ತುಂಡನ್ನು ಇಡದೆ ಚೂರು ಮಾಡಿದ್ದರಲ್ಲಿ ಅರ್ಥವಿತ್ತು. ಚಿಕ್ಕ ಚೂರಿಗೆ ಸುತ್ತಣ ರಕ್ತದಿಂದ ಆಹಾರ ಬೇಗ ದೊರೆಯುತ್ತದೆ. ಕೀವಾಗಲಿಲ್ಲ. ಚೂರುಗಳು ಬದುಕಿದುವು, ಒಂದಕ್ಕೊಂದು ಕೂಡಿಕೊಂಡುವು. 1880ರ ಹೊತ್ತಿಗೆ ಒಟ್ಟು ಮೂರು ಸಲ ಹೀಗೆ ಮಾಡಿ, ತೋಳೆಲುಬಿನ ದಂಡದ ಮೂರರಲ್ಲಿ ಎರಡು ಪಾಲಿಗೂ ಮೀರಿದ ಭಾಗವನ್ನು ಪರರ ಎಲುಬಿನಿಂದ ಕಟ್ಟಿದ್ದಾಯಿತು. ಒಬ್ಬ ಮನುಷ್ಯನ ಎಲುಬನ್ನು ಇನ್ನೊಬ್ಬನಲ್ಲಿ ನೆಟ್ಟು ಬದುಕಿಸಿದ ಈ ಸಂಗತಿಯನ್ನು 1881ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ವರದಿಗಳಲ್ಲಿ ಪ್ರಕಟಿಸಿತು. ಆ ತೋಳು ಇನ್ನೊಂದಕ್ಕಿಂತ ಗಿಡ್ಡವಾಗಿ ಉಳಿದರೂ ಕೆಲಸಕ್ಕೆ ಬಂತು. ಹುಡುಗ ಬೆಳೆದಂತೆ ತಾನೂ ಬೆಳೆಯಿತು. ಮೂವತ್ತು ವರ್ಷಗಳ ಮೇಲೆ ವೈದ್ಯನು ಮತ್ತೆ ಆ ಮನುಷ್ಯನನ್ನು ಪರೀಕ್ಷಿಸಿದಾಗ ಅವನು ಆ ಕೈಯಿಂದಲೇ ದುಡಿದು ಬದುಕುತ್ತಿದ್ದನು.

ಬಡವರ ವಠಾರದ ಸೊಟ್ಟ ಕಾಲುಗಳಿಂದ ಕತ್ತರಿಸಿ ಬಿಸಾಡುವ ಚೂರುಗಳು ಇನ್ನೊಬ್ಬ ಬಡ ಮಗುವಿನ ತೋಳಾದುವು. ಕೊಟ್ಟ ಮಕ್ಕಳ ಹೆಸರು ಶಾಸ್ತ್ರದ ಪುಸ್ತಕಗಳಲ್ಲಿಲ್ಲ. ಅವರನ್ನು ಅಥವಾ ಅವರ ತಾಯಂದಿರನ್ನು ಯಾರಾದರೂ ಕೇಳಿದ್ದರೆ? ಆ ಕಾಲಕ್ಕೆ ಆ ಪ್ರಶ್ನೆಯೇ ಹೊಳೆಯುವಂಥದಾಗಿರಲಿಲ್ಲ. ನಮಗೆ ಹೊಳೆದರೆ ತಪ್ಪಿಲ್ಲ.

ಈ ಒಂದು ತೋಳು ಮೆಕ್ಯೂವೆನ್ನನನ್ನು ಜೀವನವಿಡೀ ಹಿಡಿದುಕೊಂಡಿತು. ಪೊರೆಯನ್ನು ಉಳಿಸಿದರೂ ಎಲುಬು ಬೆಳೆಯಲಿಲ್ಲ, ಎಲುಬಿನ ಚೂರಿಟ್ಟರೆ ಬೆಳೆಯಿತು. ಆದ್ದರಿಂದ ಎಲುಬನ್ನು ಹುಟ್ಟಿಸುವುದು ಎಲುಬೇ, ಪೊರೆ ಬರಿಯ ಎಲ್ಲೆಕಟ್ಟು ಎಂದು ಆತನು ತೀರ್ಮಾನಿಸಿದನು. ವರ್ಷಗಟ್ಟಲೆ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, 1912ರಲ್ಲಿ ಎಲುಬಿನ ಬೆಳವಣಿಗೆಯನ್ನು ಕುರಿತ ಗ್ರಂಥದಲ್ಲಿ ಇದನ್ನೇ ಸಾಧಿಸಲು ಹೊರಟನು. ಮುಂದಿನ ಶಾಸ್ತ್ರ ಈ ಮಾತನ್ನು ಪೂರ್ತಿ ಒಪ್ಪಲಿಲ್ಲ. ಪೊರೆಯ ಒಳಪದರಕ್ಕೂ ಎಲುಬು ಹುಟ್ಟಿಸುವ ಶಕ್ತಿಯುಂಟೆಂಬುದು ಈಗ ಸಿದ್ಧವಾದ ವಿಷಯ. ಆ ಮಗುವಿನ ತೋಳಿನಲ್ಲಿ ಕೀವಿಗೆ ಸಿಕ್ಕಿ ಪೊರೆಯೂ ನಿಸ್ಸತ್ವವಾಗಿದ್ದಿರಬೇಕು. ತಾನು ಕಂಡದ್ದರಲ್ಲಿ ಆತನಿಗೆ ಇದ್ದ ನಂಬಿಕೆಯೇ ಇಲ್ಲಿ ಆತನ ದಾರಿ ತಪ್ಪಿಸಿತೆನ್ನಬೇಕು. ಆದರೂ ಹುಡುಕಾಟ ನಿಲ್ಲಲಿಲ್ಲ. ಪ್ರತಿವರ್ಷ ಉದುರಿ ಪ್ರತಿವರ್ಷ ಚಿಗುರುವ ಎಲುಬು ಎಲ್ಲಿದೆ ಎಂದು ಯೋಚಿಸಿ, ಜಿಂಕೆಯ ಕವಲುಗೊಂಬನ್ನು ಹಿಡಿದು ಅಭ್ಯಾಸಮಾಡಿ, 1920ರಲ್ಲಿ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಬರೆದನು.

ಆತನ ಉಳಿದ ಸಾಧನೆಗಳಲ್ಲಿ ಒಂದೊಂದೂ ಒಬ್ಬೊಬ್ಬನಿಗೆ ಕೀರ್ತಿ ತರುವಂಥವು. ಇಲ್ಲಿ ಹೆಸರಿಸಿ ಮುಂದೆ ಹೋಗೋಣ. 1878ರಲ್ಲಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಅದರಿಂದಲೇ ಕ್ಲೋರೋಫಾರಂ ಕೊಟ್ಟು ಶಸ್ತ್ರಕ್ರಿಯೆ ನಡೆಸಿದನು. ಇಂದಿನ ಅರಿವಳಿಕೆ ವೈದ್ಯರು ದಿನವೂ ಮಾಡುವ ಕೆಲಸವದು. 1879ರಲ್ಲಿ ಹದಿಹರೆಯದ ಹುಡುಗಿಯೊಬ್ಬಳ ತಲೆಬುರುಡೆಯನ್ನು ತೆರೆದು ಮೆದುಳಿನ ಹೊದಿಕೆಯ ಗಡ್ಡೆಯನ್ನು ತೆಗೆದನು, ಅವಳು ಬದುಕಿದಳು. ಮೆದುಳಿನೊಳಗಿನ ಕೀವನ್ನು ಕುರಿತು 1893ರಲ್ಲಿ ಬರೆದ ಗ್ರಂಥ ಬಹುಕಾಲ ಪ್ರಮಾಣವಾಗಿತ್ತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆ ಪ್ರಾಧ್ಯಾಪಕ ಪದವಿಗೆ ಕರೆದರೂ ಹೋಗಲಿಲ್ಲ. 1892ರಲ್ಲಿ, ಲಿಸ್ಟರನು ಹಿಂದೆ ಕೂತಿದ್ದ ಗ್ಲಾಸ್ಗೋ ಪೀಠಕ್ಕೆ ತಾನೇ ಬಂದನು. 1902ರಲ್ಲಿ ಸರ್ ಪದವಿ ಬಂತು.

ಮನುಷ್ಯ ಹೇಗಿದ್ದನು? ಎತ್ತರದ ಆಳು, ಮಿತಭಾಷಿ, ಯಾರನ್ನೂ ಹತ್ತಿರಕ್ಕೆ ಬಿಟ್ಟುಕೊಳ್ಳದವನು. ಸಹಾಯಕರನ್ನು ನಂಬುವುದು ಕಡಮೆ. ಎಲ್ಲವೂ ತನ್ನ ಕೈಯಿಂದಲೇ ಆಗಬೇಕು. ಇಷ್ಟು ಕೆಲಸ ಮಾಡಿದವನ ಹಿಂದೆ ಶಿಷ್ಯಪರಂಪರೆಯೆಂದು ಹೇಳಿಕೊಳ್ಳುವಂಥದು ಬೆಳೆಯದೆ ಹೋದದ್ದಕ್ಕೆ ಇದೇ ಕಾರಣವಿದ್ದೀತು. ಆದರೆ ಒಂದು ವಿಷಯದಲ್ಲಿ ಆತನು ತನ್ನ ಕಾಲದ ಬಹುಮಂದಿ ವೈದ್ಯರಿಗಿಂತ ಮುಂದಿದ್ದನು. ಕೊಡತಿಯೇಟಿನ ಕೌಶಲ ಎಷ್ಟಿದ್ದರೂ ಗಾಯ ಕಟ್ಟುವ ದಾದಿಯ ಕೈ ಕೊಳೆಯಾಗಿದ್ದರೆ ಮಗು ಸಾಯುತ್ತದೆಂದು ಅರಿತಿದ್ದನು. ರಾಯಲ್ ಇನ್‌ಫರ್ಮರಿಯ ಮೇಟ್ರನ್ ರೆಬೆಕಾ ಸ್ಟ್ರಾಂಗ್, ವಾರ್ಡಿಗೆ ಬರುವ ಮೊದಲೇ ದಾದಿಯರಿಗೆ ಶರೀರಶಾಸ್ತ್ರ, ಆರೋಗ್ಯಶಾಸ್ತ್ರಗಳ ಪಾಠವಾಗಬೇಕೆಂದು ಹಟ ಹಿಡಿದಾಗ ಆಕೆಯ ಬೆಂಬಲಕ್ಕೆ ನಿಂತನು. 1893ರಲ್ಲಿ ಆ ಶಿಕ್ಷಣ ಆರಂಭವಾಯಿತು. ಲಿಸ್ಟರನ ಕಾರ್ಬಾಲಿಕ್ ತುಂತುರನ್ನು ಕ್ರಮೇಣ ಕೈಬಿಟ್ಟು, ಆಯುಧಗಳನ್ನು ಕುದಿಸುವುದು, ನಿಲುವಂಗಿಗಳನ್ನು ಹಬೆಯಲ್ಲಿ ಶುದ್ಧಿಮಾಡುವುದು ಮುಂತಾದ ಹೊಸ ಪದ್ಧತಿಗೆ ಬಂದನು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಮನಸ್ಸನ್ನು ಚುಚ್ಚುತ್ತದೆ. ಮೆಕ್ಯೂವೆನ್ ಒಂದು ಕಾಲನ್ನು ನೆಟ್ಟಗೆ ಮಾಡುವಷ್ಟರಲ್ಲಿ ವಠಾರಗಳಲ್ಲಿ ಹತ್ತು ಕಾಲುಗಳು ಸೊಟ್ಟಗಾಗುತ್ತಿದ್ದುವು. ರೋಗದ ಕಾರಣ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. 1890ರಲ್ಲಿ ಜಪಾನಿನಲ್ಲಿದ್ದು ಬಂದ ಪಾಮ್ ಎಂಬ ಪಾದ್ರಿ ವೈದ್ಯನು, ಬಿಸಿಲು ಧಾರಾಳವಾದ ದೇಶಗಳಲ್ಲಿ ಈ ರೋಗ ಅಪರೂಪವೆಂಬುದನ್ನು ಎತ್ತಿತೋರಿಸಿ, ಬಿಸಿಲಿನ ಕೊರತೆಯೇ ಕಾರಣವೆಂದನು, ಕೇಳಿದವರು ಕಡಮೆ. ಗ್ಲಾಸ್ಗೋ ನಗರದಲ್ಲಿಯೇ ಫಿಂಡ್ಲೇ ಮೊದಲಾದವರು ಮನೆಯೊಳಗೆ ಕೂಡಿಹಾಕಿದ್ದರಿಂದ, ಮೈಗೆ ಚಲನೆಯಿಲ್ಲದ್ದರಿಂದ ರೋಗ ಬರುವುದೆಂದು ವಾದಿಸುತ್ತಿದ್ದರು. 1919ರಲ್ಲಿ ಲಂಡನ್ನಿನ ಮೆಲನ್‌ಬಿ ನಾಯಿಮರಿಗಳಲ್ಲಿ ಆಹಾರದಿಂದಲೇ ರೋಗ ತಂದು ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆದನು. ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಷಿನ್‌ಸ್ಕಿ ಮಕ್ಕಳನ್ನು ದೀಪದ ನೇರಿಳಾತೀತ ಕಿರಣಕ್ಕೆ ಒಡ್ಡಿ ಗುಣಪಡಿಸಿದನು. ಎಣ್ಣೆಯಲ್ಲಿದ್ದ ಸಾರಕ್ಕೆ ಡಿ ಜೀವಸತ್ವವೆಂಬ ಹೆಸರು ಬಂದಾಗ ಮೆಕ್ಯೂವೆನ್ ಇನ್ನೂ ಬದುಕಿದ್ದನು. ಒಂದು ಚಮಚ ಮೀನೆಣ್ಣೆ, ಒಂದಿಷ್ಟು ಬಿಸಿಲು. ಸಾವಿರಾರು ಕೊಡತಿಯೇಟುಗಳಿಗೆ ಬದಲಾಗಿ ಇಷ್ಟೇ ಸಾಕಾಗಿತ್ತು.

ಬಿಸಿಲಿನ ನಾಡಾದ ನಮಗೆ ಇದು ದೂರದ ಕಥೆಯೆಂದು ಸಮಾಧಾನಪಡುವಂತಿಲ್ಲ. ನಮ್ಮಲ್ಲಿ ಬಿಸಿಲಿದ್ದರೂ ಬೇರೊಂದು ಕೇಡುಂಟು. 1970ರ ದಶಕದಲ್ಲಿ ಆಂಧ್ರದ ನಲ್ಗೊಂಡ ಕಡೆಯ ಹಳ್ಳಿಗಳ ಮಕ್ಕಳಲ್ಲಿ ಇದೇ ಸೊಟ್ಟಗಾಲನ್ನು ವೈದ್ಯರು ಕಂಡರು. ಅಲ್ಲಿನ ಕಾರಣ ಹೊಗೆಯಲ್ಲ, ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್. ಅದೇ ದೋಷ ನಮ್ಮ ಕೋಲಾರ, ಪಾವಗಡಗಳಂಥ ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿಯೂ ಇದೆ. ಮೆಕ್ಯೂವೆನ್ನನ ಹೆಸರು ನಮ್ಮ ಹುಡುಗರ ಪರೀಕ್ಷೆಯ ಪುಸ್ತಕದಿಂದ ಅಳಿಸಿಹೋಗದಿರುವುದು ಬರಿಯ ಚರಿತ್ರೆಯ ಗೌರವದಿಂದಲ್ಲ.

ಮೊದಲನೆಯ ಮಹಾಯುದ್ಧ ಬಂದಾಗ ಆತನಿಗೆ ಅರವತ್ತಾರು. ಸ್ಕಾಟ್ಲೆಂಡಿನ ನೌಕಾಪಡೆಯ ವೈದ್ಯಸಲಹೆಗಾರನಾಗಿ ಮತ್ತೆ ದುಡಿಮೆಗಿಳಿದನು. ಕೈಕಾಲು ಕಳೆದುಕೊಂಡು ಬಂದ ಸಿಪಾಯಿಗಳು ಸಾವಿರಗಟ್ಟಲೆ; ಕೃತಕ ಕಾಲು ಮಾಡುವ ಕುಶಲಿಗಳು ಬೆರಳೆಣಿಕೆಯಷ್ಟು. 1916ರಲ್ಲಿ ಗ್ಲಾಸ್ಗೋ ಸಮೀಪದ ಅರ್ಸ್‌ಕಿನ್ ಎಂಬಲ್ಲಿ ಅಂಗಹೀನ ಯೋಧರಿಗಾಗಿ ಆಸ್ಪತ್ರೆಯೊಂದು ತೆರೆದಾಗ ಅದರ ಹಿಂದಿನ ಮುಖ್ಯ ಶಕ್ತಿ ಮೆಕ್ಯೂವೆನ್ನನೇ. ಆತನು ಕಾಲು ಮಾಡುವ ವ್ಯಾಪಾರಿಗಳ ದಾರಿ ಕಾಯದೆ ಕ್ಲೈಡ್ ದಂಡೆಯ ಯಾರೋ ಹಡಗು ಕಾರ್ಖಾನೆಗೆ ಹೋದನು. ಅಲ್ಲಿನ ನುರಿತ ಬಡಗಿಗಳಿಗೂ ಯಂತ್ರಗಾರರಿಗೂ ಮನುಷ್ಯನ ಕಾಲಿನ ರಚನೆಯನ್ನು ವಿವರಿಸಿ, ವಿಲೋ ಮರದಿಂದ ಹಗುರವಾದ, ಕೆಟ್ಟರೆ ಊರಿನ ಬಡಗಿಯೇ ರಿಪೇರಿ ಮಾಡಬಹುದಾದ ಸರಳ ಕಾಲೊಂದನ್ನು ಅವರಿಂದ ಮಾಡಿಸಿದನು. ಒಬ್ಬೊಬ್ಬನ ಮೊಂಡುಗಾಲಿಗೂ ಅಳತೆ ಬೇರೆ, ಕೆತ್ತನೆ ಬೇರೆ. ಇಂದು ಮುದ್ರಣಯಂತ್ರ ಪ್ಲಾಸ್ಟಿಕ್ಕಿನಲ್ಲಿ ಮಾಡುವ ಕೆಲಸವನ್ನು ಅಂದು ಹಡಗಿನ ಬಡಗಿ ಉಳಿಯಿಂದ ಮಾಡಿದನು. ಮೂವತ್ತು ನಲವತ್ತು ವರ್ಷ ಹಿಂದೆ ಇದೇ ಓಣಿಗಳಲ್ಲಿ ಮಕ್ಕಳಾಗಿದ್ದು ಸೊಟ್ಟಗಾಲಿಗೆ ಮೆಕ್ಯೂವೆನ್ನನ ಉಳಿಯ ಪೆಟ್ಟು ತಿಂದವರಲ್ಲಿ ಕೆಲವರಾದರೂ ಆ ಕಾರ್ಖಾನೆಗಳಲ್ಲಿ ನೆಟ್ಟನೆಯ ಕಾಲ 위에 ನಿಂತು ದುಡಿಯುತ್ತಿದ್ದಿರಬೇಕು.

ಹುಟ್ಟಿದ ಬ್ಯೂಟ್ ದ್ವೀಪವನ್ನು ಆತನು ಮರೆತಿರಲಿಲ್ಲ. ದ್ವೀಪದ ದಕ್ಷಿಣದ ಕೊನೆಯಲ್ಲಿ ಹೊಲಮನೆಯೊಂದನ್ನು ಮಾಡಿಕೊಂಡು, ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದನು. 1924ರ ಮಾರ್ಚ್ 22ರಂದು, ಎಪ್ಪತ್ತೈದನೆಯ ವಯಸ್ಸಿನಲ್ಲಿ ಗ್ಲಾಸ್ಗೋ ನಗರದಲ್ಲಿ ತೀರಿಕೊಂಡನು. ಆ ಹೊತ್ತಿಗೂ ಪ್ರಾಧ್ಯಾಪಕ ಪೀಠವನ್ನು ಬಿಟ್ಟುಕೊಟ್ಟಿರಲಿಲ್ಲ.